ತಟಾಕೋತ್ಸರ್ಗವೂ ಬೆಂಗಳೂರಿನ ಕೆರೆಗಳ ವಿವಾದವೂ

ಬೆಂಗಳೂರಿನ ಪಶ್ಚಿಮಭಾಗದ ಗೋವಿಂದರಾಜನಗರದಲ್ಲಿ ಬಿದ್ದ ಮಳೆಯ ನೀರು ವೃಷಭಾವತಿಗೆ ಇಳಿದು, ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರತಕ್ಕದ್ದು. ಆ ಕಣಿವೆಯ ಮೇಲ್ಭಾಗದಲ್ಲಿ ಕೆಂಪಾಂಬುಧಿಯು ಉಳಿದುಕೊಂಡಿದೆ. ಧರ್ಮಾಂಬುಧಿಯಿದ್ದ ನೆಲದಲ್ಲಿ ಈಗ ಬಸ್ಸು ನಿಲ್ದಾಣವಿದೆ. ಉಳಿದ ಕೆರೆಯನ್ನು ಕಾಯುವವರಾರು, ಅದರ ದಂಡೆಗೆ ಹೋಗುವ ಅಧಿಕಾರವು ಯಾರದು ಎಂಬ ವಿವಾದವು ಈ ನಗರದಲ್ಲಿ ನ್ಯಾಯಾಲಯದವರೆಗೂ ನಡೆದಿರುವುದರಿಂದ, ಪ್ರಾಚೀನರ ಮತವನ್ನು ಇಲ್ಲಿ ವಿಚಾರಿಸುವುದು ಯುಕ್ತವಾಗಿದೆ.

ಧರ್ಮಶಾಸ್ತ್ರಕಾರರು ದಾನವನ್ನೂ ಉತ್ಸರ್ಗವನ್ನೂ ಬೇರೆಯಾಗಿ ಎಣಿಸಿರುವರು. ದಾನದಲ್ಲಿ ಸ್ವತ್ತು ಒಬ್ಬನಿಂದ ಮತ್ತೊಬ್ಬನಿಗೆ ಸೇರುವುದು. ಉತ್ಸರ್ಗದಲ್ಲಿಯಾದರೋ, ಕೆರೆಯನ್ನು ಕಟ್ಟಿಸಿದವನು ತನ್ನ ಸ್ವಾಮ್ಯವನ್ನು ತೊರೆದು, ಜಲವನ್ನು ಸರ್ವಭೂತಗಳಿಗೂ ಬಿಡುವನು, ಪ್ರತಿಗ್ರಹೀತನು ಇಂಥವನೆಂದಿಲ್ಲ. ಹಾಗಾದರೆ ಕಟ್ಟಿಸಿದವನೇ ಅದರಲ್ಲಿ ಮೀಯಬಹುದೇ? ಸರ್ವರಲ್ಲಿ ಅವನೂ ಒಬ್ಬನಾದುದರಿಂದ ಮೀಯಬಹುದೆಂದು ಬಹುಮಂದಿ ನಿಬಂಧಕಾರರು ಹೇಳುವರು. ಒಡೆಯನಾಗಿ ಕಳೆದುಕೊಂಡುದನ್ನು ಊರವನಾಗಿ ಪಡೆಯುವನೆಂಬ ಈ ಮಾತು ಬಹು ಸೊಗಸಾದುದು.

ಆದರೆ ಬಿಟ್ಟಮಾತ್ರಕ್ಕೆ ಕೆರೆ ನಿಲ್ಲದು. ನಮ್ಮ ಶಾಸನಗಳಲ್ಲಿ ಪದೇ ಪದೇ ಬರುವ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಶಬ್ದಗಳು, ಕೆರೆಯ ರಕ್ಷಣೆಗೆ ಅದರ ಕೆಳಗಣ ಭೂಮಿಯೇ ಆಧಾರವಾಗಿದ್ದುದನ್ನು ತೋರಿಸುತ್ತವೆ. 19ನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದಿತು. ಮುಂದೆ ಗದ್ದೆಗಳು ಬಡಾವಣೆಗಳಾದುವು. ಕೆರೆಗೆ ಅನ್ನವಿಕ್ಕುತ್ತಿದ್ದವರೇ ಇಲ್ಲವಾದರು.

ಈ ಕೊರತೆಯನ್ನು ತುಂಬಲು 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರವು ಸ್ಥಾಪಿತವಾಯಿತು. ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಅದು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆಗೆ ಕೊಟ್ಟಿತು. ಹೂಳೆತ್ತಲು, ಕೊಳಚೆಯನ್ನು ತಡೆಯಲು, ಒತ್ತುವರಿಯಾಗದಂತೆ ಬೇಲಿ ಹಾಕಲು ಹಣ ಬೇಕೆಂಬ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಬೇಲಿಯು ಒತ್ತುವರಿಗಾರನನ್ನೂ ದನ ಮೇಯಿಸುವವನನ್ನೂ ವಿವೇಚಿಸುವುದಿಲ್ಲ. 2008ರಲ್ಲಿ ಇದರ ವಿರುದ್ಧ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯು ಉಚ್ಚ ನ್ಯಾಯಾಲಯಕ್ಕೆ ಬಂದಿತು. ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಸಮಿತಿಯು 2011ರಲ್ಲಿ ವರದಿಯನ್ನು ಒಪ್ಪಿಸಿತು. 2012ರ ಏಪ್ರಿಲ್ ತಿಂಗಳ ಆಜ್ಞೆಯು ಜಿಲ್ಲೆಗೊಂದರಂತೆ ಕೆರೆ ಸಂರಕ್ಷಣ ಸಮಿತಿಗಳನ್ನು ವಿಧಿಸಿತು.

ಇನ್ನೊಂದು ತೊಡಕುಂಟು. ಕೇಂದ್ರಸರ್ಕಾರದ 2017ರ ಜೌಗುಪ್ರದೇಶ ನಿಯಮಗಳು, ಕುಡಿಯುವ ನೀರಿಗೂ ನೀರಾವರಿಗೂ ಮನುಷ್ಯರು ನಿರ್ಮಿಸಿದ ಜಲಾಶಯಗಳನ್ನು ತಮ್ಮ ಲಕ್ಷಣದಿಂದ ಹೊರಗಿರಿಸಿವೆ. ಅವ್ಯಾಪ್ತಿಯೆಂದು ತಾರ್ಕಿಕರು ಹೇಳುವ ದೋಷವಿದು. ಏಕೆಂದರೆ ಈ ಬಯಲುಸೀಮೆಯ ಕೆರೆಗಳೆಲ್ಲವೂ ಪ್ರಾಯಶಃ ಏರಿ ಕಟ್ಟಿ ನಿಲ್ಲಿಸಿದವುಗಳೇ. ಮೀನಿಗೂ ಕೊಕ್ಕರೆಗೂ ಕಟ್ಟಿಸಿದವನು ಯಾರೆಂಬ ಭೇದವಿಲ್ಲ. ಸರ್ವಭೂತಗಳೆಂದ ಉತ್ಸರ್ಗಕಾರನ ಎಣಿಕೆಯಲ್ಲಿ ಅವೂ ಸೇರಿದ್ದುವು.