ಅಂಗೈ ಮೇಲಿನ ಫೋರ್ಡಿಗೆ ಒಂದು ಬಾಗಿಲು

ಪುಣೆಯ ಕರ್ವೆ ರಸ್ತೆಗೆ ಹತ್ತಿರ, ಕೋಥರೂಡಿನಲ್ಲಿ, ಒಂದು ರಸ್ತೆಗೆ ಜಿ.ಎ. ಕುಲಕರ್ಣಿಯವರ ಹೆಸರಿದೆ. ಧಾರವಾಡದವರಿಗೆ ಇದು ಹೊಸ ಹೆಸರಲ್ಲ. ಮರಾಠಿಯ ಈ ದೊಡ್ಡ ಕಥೆಗಾರರು ತಮ್ಮ ವೃತ್ತಿಜೀವನದ ಬಹುಪಾಲನ್ನು ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತ ಕಳೆದವರು. ಅದೇ ರಸ್ತೆಯಲ್ಲಿ ಜೋಶಿಯವರ ಪುಟಾಣಿ ರೈಲುಗಳ ಮ್ಯೂಸಿಯಂ ಇದೆ. ಸಾರ್ವಜನಿಕರಿಗೆ ಅದು ತೆರೆದದ್ದು 1998ರಲ್ಲಿ. ದೀಪ ಆರಿಸಿ ಆಟ ಶುರುವಾದರೆ ಸಿಗ್ನಲ್ ಬೀಳುತ್ತದೆ, ಗಾಡಿ ಹೊರಡುತ್ತದೆ, ಊರಿನ ಪುಟ್ಟ ದೀಪಗಳು ಹತ್ತಿಕೊಳ್ಳುತ್ತವೆ. ಭಾವುಸಾಹೇಬ ಜೋಶಿಯವರು ವರ್ಷಗಟ್ಟಲೆ ಕೂತು ಕೈಯಾರೆ ಕಟ್ಟಿದ ಲೋಕ ಅದು.

ಹಳೆಯ ಕಾರುಗಳ ಮಾದರಿ ಮಾಡುವವರ ಬಗ್ಗೆ ಬರೆಯಲು ಹೊರಟು ರೈಲಿನಿಂದ ಶುರುಮಾಡಿದ್ದಕ್ಕೆ ಕಾರಣ ಇದೆ. ಆಟಿಕೆಯ ಲೋಕದಲ್ಲಿ ಕಾರು ಬಂದದ್ದೇ ರೈಲಿನ ಬೆನ್ನಿಗೆ. ಲಿವರ್‌ಪೂಲಿನಲ್ಲಿ ಮೆಕ್ಯಾನೋ ಕಂಪನಿ ನಡೆಸುತ್ತಿದ್ದ ಫ್ರಾಂಕ್ ಹಾರ್ನ್‌ಬಿ ಪುಟಾಣಿ ರೈಲುಗಳನ್ನೂ ಮಾರುತ್ತಿದ್ದರು. ರೈಲು ಹಳಿಯ ಪಕ್ಕ ನಿಲ್ಲಿಸಲು ನಾಲ್ಕಾರು ವಾಹನ ಇರಲಿ ಎಂದು 1933ರಲ್ಲಿ ಸಣ್ಣ ಲೋಹದ ಗಾಡಿಗಳನ್ನು ತಂದರು. ಮರುವರ್ಷ ಅವಕ್ಕೆ ಡಿಂಕಿ ಟಾಯ್ಸ್ ಎಂಬ ಹೆಸರು ಬಂತು. ಆ ರೈಲುಗಳ ಅಳತೆ, ಒಂದು ಅಡಿಗೆ ಏಳು ಮಿಲಿಮೀಟರ್. ಲೆಕ್ಕ ಹಾಕಿದರೆ ಸುಮಾರು ನಲವತ್ತಮೂರರಲ್ಲಿ ಒಂದು ಪಾಲು. ಇಂದಿಗೂ ಸಂಗ್ರಹಕಾರರ ಕಪಾಟಿನಲ್ಲಿರುವ ಎಷ್ಟೋ ಕಾರುಗಳ ಡಬ್ಬಿಯ ಮೇಲೆ 1:43 ಎಂದು ಬರೆದಿರುವುದು ಇದರಿಂದಲೇ. ಡಿಂಕಿಯ ಕೆಲವು ಅಚ್ಚುಗಳು ಮುಂದೆ ಕಲ್ಕತ್ತೆಗೆ ಬಂದು, ನಿಕಿ ಟಾಯ್ಸ್ ಎಂಬ ಹೆಸರಿನಲ್ಲಿ ನಮ್ಮ ಮಕ್ಕಳ ಕೈಗೂ ಸಿಕ್ಕವು.

ಅಂಗಡಿಯಿಂದ ತಂದ ಮಾದರಿಯನ್ನು ಅಂಗಡಿಯವರು ಹೇಳಿದಂತೆ ಜೋಡಿಸಿ ಬಿಡುವುದು ಒಂದು ಬಗೆ. ಅದರಲ್ಲಿ ಇಲ್ಲದ ಭಾಗಗಳನ್ನು ತಾನೇ ಮಾಡಿ ಸೇರಿಸುವುದು ಇನ್ನೊಂದು. ಇದಕ್ಕೆ ಸ್ಕ್ರ್ಯಾಚ್ ಬಿಲ್ಡಿಂಗ್ ಅನ್ನುತ್ತಾರೆ. ಸಾಮಾನು ದುಬಾರಿಯಲ್ಲ. ಕರೆಂಟು ವೈರಿನೊಳಗಿನ ತಾಮ್ರದ ಎಳೆ, ಗುಂಡುಸೂಜಿ, ತೆಳು ಪ್ಲಾಸ್ಟಿಕ್ ಹಾಳೆ, ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿದ ಟಿಶ್ಯೂ ಕಾಗದ. ಒಣಗಿದ ಮೇಲೆ ಆ ಕಾಗದವೇ ಮಡಿಚಿಟ್ಟ ಕ್ಯಾನ್ವಾಸ್ ಹುಡ್. ಪುಣೆಗೆ ಇಂಥ ಕೈಕೆಲಸ ಹೊಸದೇನಲ್ಲ. ಕಸಬಾ ಪೇಟೆಯ ತಾಂಬಟ ಆಳಿಯಲ್ಲಿ ತಾಮ್ರ ಬಡಿಯುವ ಸದ್ದು ಪೇಶ್ವೆಗಳ ಕಾಲದ್ದು. ಮಕ್ಕಳ ಅಡುಗೆಯಾಟಕ್ಕೆ ಪುಟ್ಟ ತಾಮ್ರ-ಹಿತ್ತಾಳೆ ಪಾತ್ರೆಗಳು, ದೀಪಾವಳಿಗೆ ಅಂಗಳದಲ್ಲಿ ಮಣ್ಣಿನ ಕೋಟೆ, ಇವೆಲ್ಲ ಅಲ್ಲಿನ ಮನೆಗಳ ರೂಢಿ. ನಮ್ಮಲ್ಲಿ ದಸರೆಗೆ ಗೊಂಬೆ ಕೂರಿಸಿದ ಹಾಗೆ.

ಆದರೆ ಕೈಚಳಕ ಇದರ ಅರ್ಧ ಮಾತ್ರ. ಉಳಿದರ್ಧ ಇತಿಹಾಸ. ಫೋರ್ಡ್ ಮಾಡೆಲ್ ಟಿ ಕಾರನ್ನೇ ತೆಗೆದುಕೊಳ್ಳಿ. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಕಾರು. ಅದರ ಮಾದರಿಯೂ ಸುಲಭವಾಗಿ ಸಿಗುತ್ತದೆ. 1920ರ ಆಸುಪಾಸಿನಲ್ಲಿ ಪುಣೆಯ ದಂಡುಪ್ರದೇಶದ ರಸ್ತೆಯಲ್ಲೋ ಬೆಳಗಾವಿಯಲ್ಲೋ ಓಡಿರಬಹುದಾದ ಒಂದು ತೆರೆದ ಟೂರಿಂಗ್ ಕಾರು ಮಾಡಬೇಕು ಅಂದುಕೊಳ್ಳೋಣ. ಅಮೆರಿಕದ ಕಾರನ್ನು ನೋಡಿ ಮಾಡಿದ ಮಾದರಿಯಲ್ಲಿ ಸ್ಟೀರಿಂಗ್ ಎಡಕ್ಕೆ ಇರುತ್ತದೆ. ಅದನ್ನು ಕಿತ್ತು, ತೂತನ್ನು ಪುಟ್ಟಿಯಿಂದ ಮುಚ್ಚಿ, ಬಲಕ್ಕೆ ಹೊಸ ತೂತು ಕೊರೆಯಬೇಕು. ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದಿರುವುದು ಬಾಗಿಲು.

ಆ ಕಾಲದ ಅಮೆರಿಕದ ಟೂರಿಂಗ್ ಕಾರಿನ ಎಡ ಮುಂಬಾಗಿಲು ಬಾಗಿಲೇ ಅಲ್ಲ. ತಗಡಿನ ಮೇಲೆ ಒತ್ತಿದ ಒಂದು ಗೆರೆ. ಅಲ್ಲಿನ ಡ್ರೈವರ್ ಬಲಗಡೆಯಿಂದ ಹತ್ತಿ ಎಡಕ್ಕೆ ಜರುಗಿ ಕೂರಬೇಕಿತ್ತು. ಆದರೆ ಬ್ರಿಟನ್ ಒಂದನ್ನು ಬಿಟ್ಟು ಸಾಮ್ರಾಜ್ಯದ ಉಳಿದ ದೇಶಗಳಿಗೆ ಫೋರ್ಡ್ ಕಾರು ಕಳಿಸುವ ಹಕ್ಕು ಇದ್ದದ್ದು ಕೆನಡಾದ ಫೋರ್ಡ್ ಕಂಪನಿಗೆ. ಅದು ಒಂಟಾರಿಯೋದ ವಾಕರ್‌ವಿಲ್‌ನಲ್ಲಿ 1904ರಲ್ಲಿ ಶುರುವಾದದ್ದು. ಎಡಕ್ಕೆ ಸ್ಟೀರಿಂಗ್ ಬೇಕೆನ್ನುವವರಿಗೂ ಬಲಕ್ಕೆ ಬೇಕೆನ್ನುವವರಿಗೂ ಮಾರಬೇಕಾಗಿದ್ದ ಅವರು ಎರಡೂ ಕಡೆ ನಿಜವಾದ ಬಾಗಿಲು ಇಟ್ಟರು. ಹಾಗಾಗಿ ನಮ್ಮ ಪುಟ್ಟ ಕಾರಿನ ಎಡಗಡೆಯ ಸುಳ್ಳು ಗೆರೆಯ ಗುಂಟ ಸಣ್ಣ ಗರಗಸ ಓಡಿಸಬೇಕು. ತಾಮ್ರದ ಎಳೆಯಿಂದ ಎರಡು ಕೀಲು ಕೂರಿಸಿ, ಬಾಗಿಲನ್ನು ಒಂದಿಷ್ಟು ತೆರೆದೇ ಅಂಟಿಸಬೇಕು. ನೋಡಿದವರಿಗೆ ಗೊತ್ತಾಗಲಿ, ಇದು ತೆರೆಯುವ ಬಾಗಿಲು, ಇದು ಸಾಮ್ರಾಜ್ಯದ ಮಾರುಕಟ್ಟೆಗೆ ಬಂದ ಕಾರು. ಭಾರತದಲ್ಲಿ ಕಾರು ಜೋಡಿಸುವ ಕಾರ್ಖಾನೆ ಶುರುವಾದದ್ದು 1928ರಲ್ಲಿ, ಮುಂಬೈಯಲ್ಲಿ, ಅದೂ ಜನರಲ್ ಮೋಟರ್ಸ್‌ನವರದ್ದು. ಅಷ್ಟರಲ್ಲಿ ಮಾಡೆಲ್ ಟಿಯ ಕಾಲವೇ ಮುಗಿದಿತ್ತು.

ಇನ್ನು ಕಾರಿನ ಮುಖ. ಹಳೆಯ ಕಾರು ಎಂದ ಕೂಡಲೇ ಹಿತ್ತಾಳೆ ಬಣ್ಣ ಬಳಿಯುವ ಆಸೆ ಎಲ್ಲರಿಗೂ ಆಗುತ್ತದೆ. ಫಳಫಳ ಹೊಳೆಯುತ್ತದೆ, ಚೆಂದ ಕಾಣುತ್ತದೆ. ಆದರೆ ಮಾಡೆಲ್ ಟಿಯ ಹಿತ್ತಾಳೆ ರೇಡಿಯೇಟರ್ 1916ಕ್ಕೆ ಕೊನೆಯಾಯಿತು. ಆಮೇಲಿನದು ಕಪ್ಪು. ಕಾರ್ಬೈಡ್ ಅನಿಲದ ಹೆಡ್‌ಲೈಟು ಹೋಗಿ ವಿದ್ಯುತ್ ದೀಪ ಬಂದದ್ದು 1915ರಲ್ಲಿ. ಗುಂಡಿ ಒತ್ತಿದರೆ ಎಂಜಿನ್ ಶುರುವಾಗುವ ಸ್ಟಾರ್ಟರ್ 1919ರಲ್ಲಿ ಬಂತು. ತೆರೆದ ಕಾರುಗಳಿಗೆ ಅದು ಬೇಕಾದವರು ಹೆಚ್ಚು ಹಣ ಕೊಟ್ಟು ಹಾಕಿಸಿಕೊಳ್ಳುವ ಸೌಕರ್ಯ. ಹಿತ್ತಾಳೆ ರೇಡಿಯೇಟರೂ ಸ್ಟಾರ್ಟರೂ ಒಂದೇ ಕಾರಿನಲ್ಲಿದ್ದರೆ, ಎಷ್ಟೇ ನಾಜೂಕಾಗಿ ಮಾಡಿದ್ದರೂ ಅದು ಆ ಕಾರ್ಖಾನೆಯಿಂದ ಎಂದೂ ಹೊರಬರದ ಕಾರು. ನಮ್ಮ 1920ರ ಕಾರಿಗೆ ಸ್ಟಾರ್ಟರ್ ಬೇಡ ಅಂದುಕೊಂಡರೆ ಕಪ್ಪು ರೇಡಿಯೇಟರ್, ವಿದ್ಯುತ್ ಹೆಡ್‌ಲೈಟು, ಪಕ್ಕದಲ್ಲಿ ಎರಡು ಸೀಮೆಎಣ್ಣೆ ದೀಪ. ಒಂದೇ ಕಾರಿನಲ್ಲಿ ಎರಡು ಕಾಲದ ಬೆಳಕು.

ಸ್ಟಾರ್ಟರ್ ಇಲ್ಲದ ಕಾರಿಗೆ ಹ್ಯಾಂಡಲ್ ಬೇಕೇಬೇಕು. ಹನ್ನೆರಡು ಮಿಲಿಮೀಟರ್ ದಪ್ಪದ ಸರಳು 1:24ರ ಮಾದರಿಯಲ್ಲಿ ಅರ್ಧ ಮಿಲಿಮೀಟರಿಗೆ ಇಳಿಯುತ್ತದೆ. ಒಂದು ಗುಂಡುಸೂಜಿಯನ್ನು ಎರಡು ಕಡೆ ಬಗ್ಗಿಸಿದರೆ ಆಯಿತು, ಹತ್ತು ನಿಮಿಷದ ಕೆಲಸ. ಅಸಲಿ ಹ್ಯಾಂಡಲಿನ ಕೆಲಸ ಅಷ್ಟು ಹಗುರವಾಗಿರಲಿಲ್ಲ. ಸ್ಟೀರಿಂಗಿನ ಕೆಳಗೆ ಎರಡು ಸಣ್ಣ ಕಡ್ಡಿಗಳಿರುತ್ತಿದ್ದವು, ಒಂದು ವೇಗಕ್ಕೆ, ಇನ್ನೊಂದು ಕಿಡಿ ಹೊತ್ತುವ ಗಳಿಗೆಯನ್ನು ಹಿಂದುಮುಂದು ಮಾಡುವುದಕ್ಕೆ. ಕಿಡಿಯ ಕಡ್ಡಿಯನ್ನು ಹಿಂದಕ್ಕೆ ಸರಿಸದೆ ಹ್ಯಾಂಡಲ್ ತಿರುಗಿಸಿದರೆ ಎಂಜಿನ್ ಉಲ್ಟಾ ಒದೆಯುತ್ತಿತ್ತು. ಹೆಬ್ಬೆರಳೋ ಮಣಿಕಟ್ಟೋ ಮುರಿಯುತ್ತಿತ್ತು. ಇಟ್ಟುಕೊಂಡ ಡ್ರೈವರಿದ್ದ ಮನೆಯಲ್ಲಿ ಆ ಕೈ ಮಾಲೀಕರದ್ದಾಗಿರುವುದು ಅಪರೂಪ. ಹಳೆಯ ಫೋಟೋಗಳಲ್ಲಿ ಕಾರಿನೊಳಗೆ ಕೂತವರ ಹೆಸರು ಉಳಿಯುತ್ತದೆ, ಕಾರಿನ ಮುಂದೆ ಬಗ್ಗಿದವನದು ಉಳಿಯುವುದಿಲ್ಲ. ಆ ಬಗ್ಗಿಸಿದ ಗುಂಡುಸೂಜಿಯಲ್ಲಿ ಅವನಿಗೆ ಅಷ್ಟಾದರೂ ಜಾಗ ಸಿಗಲಿ.

ಫುಟ್‌ಬೋರ್ಡಿನ ಮೇಲೆ ಎರಡು ಗ್ಯಾಲನ್ನಿನ, ಅಂದರೆ ಒಂಬತ್ತು ಲೀಟರಿನ ಒಂದು ಪೆಟ್ರೋಲ್ ಡಬ್ಬವನ್ನೂ ಇಡಬಹುದು. ತೆಳು ಪ್ಲಾಸ್ಟಿಕ್ ಹಾಳೆ ಮಡಿಚಿದರೆ ಸಾಕು. ಅದಕ್ಕೂ ಕಾರಣ ಇದೆ. ಮಾಡೆಲ್ ಟಿಯಲ್ಲಿ ಪೆಟ್ರೋಲ್ ಪಂಪ್ ಇರಲಿಲ್ಲ. ಮುಂದಿನ ಸೀಟಿನ ಕೆಳಗಿನ ಟ್ಯಾಂಕಿನಿಂದ ಇಳಿಜಾರಿನಲ್ಲಿ ನೀರು ಹರಿದಂತೆ ಪೆಟ್ರೋಲ್ ಎಂಜಿನ್ನಿಗೆ ಹರಿಯುತ್ತಿತ್ತು. ಟ್ಯಾಂಕು ಅರೆಬರೆ ಇದ್ದು, ಏರು ತೀರಾ ಕಡಿದಾಗಿದ್ದರೆ ಹರಿವು ನಿಲ್ಲುತ್ತಿತ್ತು. ಆಗ ಡ್ರೈವರುಗಳು ಕಾರನ್ನು ತಿರುಗಿಸಿ, ರಿವರ್ಸ್‌ನಲ್ಲಿ ಬೆಟ್ಟ ಹತ್ತಿಸುತ್ತಿದ್ದರು. ಸುತ್ತಲೂ ಘಟ್ಟಗಳಿರುವ ಪುಣೆಯಂಥ ಊರಿನ ಕಾರಿಗೆ ಡಬ್ಬ ಅಲಂಕಾರವಲ್ಲ. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ನೋಡಲು ಸೀಟು ಎತ್ತಿ ಒಂದು ಕಡ್ಡಿ ಇಳಿಬಿಡುತ್ತಿದ್ದರು. ಊದುಬತ್ತಿಯ ಕಡ್ಡಿಯನ್ನು ಸೀಳಿ ಆ ಕಡ್ಡಿಯನ್ನೂ ಮಾಡಬಹುದು.

ಇಷ್ಟಾದ ಮೇಲೆ ನಿಲ್ಲಿಸುವುದೂ ಗೊತ್ತಿರಬೇಕು. ಬಾನೆಟ್ಟಿನ ಮೇಲೆ ರಾಜಲಾಂಛನ, ಸೀಟಿಗೆ ಹುಲಿಚರ್ಮ, ಪಕ್ಕಕ್ಕೆ ಹಾವಿನ ಬಾಯಿಯ ಹಾರ್ನು ಹಾಕಲು ಕೈ ತುರಿಸುತ್ತದೆ. ಎಲ್ಲೋ ಒಬ್ಬ ಮಹಾರಾಜರ ಕಾರಿನಲ್ಲಿ ಇದ್ದದ್ದನ್ನು ಎಲ್ಲ ಕಾರಿಗೂ ಅಂಟಿಸಿದರೆ ಇತಿಹಾಸ ಮದುವೆ ಮೆರವಣಿಗೆಯ ಗಾಡಿಯಾಗುತ್ತದೆ. ಫೋಟೋದಲ್ಲಿ ಕಂಡದ್ದು, ಉಳಿದಿರುವ ಕಾರಿನಲ್ಲಿ ಮುಟ್ಟಿ ನೋಡಿದ್ದು, ಕಾರ್ಖಾನೆಯ ಕೈಪಿಡಿಯಲ್ಲಿ ಬರೆದದ್ದು ಇವಿಷ್ಟನ್ನು ಮಾಡಬೇಕು. ಆಧಾರ ಇಲ್ಲದ ಕಡೆ ತಗಡನ್ನು ಖಾಲಿ ಬಿಡಬೇಕು.

ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದವರು ಯಾವುದೋ ಕಾರಿಗೆ ಒರಗಿ ನಿಂತ ಫೋಟೋ ಇದ್ದರೆ, ಈ ಸಲ ಅವರ ಮುಖದ ಜೊತೆ ಕಾರನ್ನೂ ನೋಡಿ. ರೇಡಿಯೇಟರಿನ ಬಣ್ಣ ಯಾವುದು, ಪಕ್ಕದೀಪ ಇದೆಯೇ, ಹ್ಯಾಂಡಲ್ ತೂಗುತ್ತಿದೆಯೇ, ಸ್ಟೀರಿಂಗ್ ಯಾವ ಕಡೆ, ಬಾಗಿಲಿಗೆ ಕೀಲು ಇದೆಯೇ. ಹಿಂದೆ ಇಸವಿ ಬರೆಯದ ಫೋಟೋಕ್ಕೂ ಒಂದು ಇಸವಿ ಸಿಕ್ಕೀತು.