ಫಿಸ್ಕ್ ಜುಬಿಲಿ ಗಾಯಕವೃಂದದ ವಿದೇಶ ಪ್ರವಾಸಗಳು

ಅಮೆರಿಕದ ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿರುವ ಫಿಸ್ಕ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳ ವೃಂದಗಾನ ತಂಡ 1873 ಮತ್ತು 1878ರ ನಡುವೆ ಯುರೋಪಿನಲ್ಲಿ ಎರಡು ಸಲ ಕೈಗೊಂಡ ಸಂಗೀತಯಾತ್ರೆಗಳು, ಹಾಗೂ ಅವುಗಳ ಮುಂದುವರಿಕೆಯಾಗಿ 1884ರಿಂದ 1890ರವರೆಗೆ ನಡೆದ ವಿಶ್ವಪ್ರವಾಸ. ಸಾಲದಲ್ಲಿದ್ದ ಶಾಲೆಗೆ ಹಣ ಕೂಡಿಸಲು ಹೊರಟ ಈ ಯುವಕ ಯುವತಿಯರು ಗುಲಾಮಗಿರಿಯ ಕಾಲದ ಭಕ್ತಿಗೀತೆಗಳನ್ನು, ಅಂದರೆ 'ಸ್ಪಿರಿಚುವಲ್'ಗಳನ್ನು, ಜಗತ್ತಿನ ಸಭಾಂಗಣಗಳಿಗೆ ಮೊದಲ ಬಾರಿಗೆ ವ್ಯಾಪಕವಾಗಿ ಪರಿಚಯಿಸಿದರು.

ಹಿನ್ನೆಲೆ

ಅಮೆರಿಕದ ಅಂತರ್ಯುದ್ಧ ಮುಗಿದ ಬಳಿಕ, ಬಿಡುಗಡೆಗೊಂಡ ಗುಲಾಮರ ಶಿಕ್ಷಣಕ್ಕಾಗಿ ಅಮೆರಿಕನ್ ಮಿಷನರಿ ಅಸೋಸಿಯೇಷನ್ 1866ರಲ್ಲಿ ನ್ಯಾಶ್‌ವಿಲ್‌ನಲ್ಲಿ ಫಿಸ್ಕ್ ಶಾಲೆಯನ್ನು ತೆರೆಯಿತು. ಸೈನಿಕ ಆಸ್ಪತ್ರೆಯಾಗಿದ್ದ ಮರದ ಕಟ್ಟಡಗಳಲ್ಲಿ ತರಗತಿಗಳು ನಡೆಯುತ್ತಿದ್ದವು. ಐದೇ ವರ್ಷಗಳಲ್ಲಿ ಕಟ್ಟಡಗಳು ಶಿಥಿಲವಾದವು, ಸಾಲ ಬೆಳೆಯಿತು. ಶಾಲೆಯ ಖಜಾಂಚಿಯೂ ಸಂಗೀತ ಶಿಕ್ಷಕನೂ ಆಗಿದ್ದ ಜಾರ್ಜ್ ವೈಟ್ ವಿದ್ಯಾರ್ಥಿಗಳ ಹಾಡುಗಾರಿಕೆಯಿಂದಲೇ ಹಣ ಕೂಡಿಸಲು ನಿರ್ಧರಿಸಿ, 1871ರ ಅಕ್ಟೋಬರ್ 6ರಂದು ಚಿಕ್ಕ ತಂಡವೊಂದನ್ನು ಕಟ್ಟಿಕೊಂಡು ಉತ್ತರದ ರಾಜ್ಯಗಳತ್ತ ಹೊರಟ. ಗಾಯಕರಲ್ಲಿ ಹೆಚ್ಚಿನವರು ಗುಲಾಮರಾಗಿಯೇ ಹುಟ್ಟಿದವರು. ಪಿಯಾನೋ ವಾದಕಿ ಎಲಾ ಶೆಪರ್ಡ್‌ಳನ್ನು ಚಿಕ್ಕ ಮಗುವಾಗಿದ್ದಾಗ ತಂದೆ ಹಣ ತೆತ್ತು ಬಿಡಿಸಿಕೊಂಡಿದ್ದ.

ಆರಂಭದ ಕಛೇರಿಯೊಂದರಲ್ಲಿ ಬಂದ 50 ಡಾಲರಿಗೂ ಕಡಿಮೆ ಹಣವನ್ನು ತಂಡ ಆಗಷ್ಟೇ ಬೆಂಕಿಗೆ ಆಹುತಿಯಾಗಿದ್ದ ಷಿಕಾಗೋ ನಗರದ ಸಂತ್ರಸ್ತರಿಗೆ ಕೊಟ್ಟುಬಿಟ್ಟಿತು. ಆ ಹೊತ್ತಿನಲ್ಲಿ ತಂಡಕ್ಕೇ ಊಟ ವಸತಿಯ ಖಾತರಿಯಿರಲಿಲ್ಲ. ಹೋಟೆಲುಗಳು ಮೈಬಣ್ಣ ನೋಡಿ ಬಾಗಿಲು ಮುಚ್ಚುತ್ತಿದ್ದವು. ಬೈಬಲಿನಲ್ಲಿ ಗುಲಾಮರ ಬಿಡುಗಡೆಯ ವರ್ಷಕ್ಕೆ ಇರುವ 'ಜುಬಿಲಿ' ಎಂಬ ಹೆಸರನ್ನು ತಂಡ ಓಹಾಯೋದ ಕೊಲಂಬಸ್‌ನಲ್ಲಿ ಪಡೆಯಿತು.

ಹಾಡುಗಳು

ಆರಂಭದಲ್ಲಿ ತಂಡ ಹಾಡುತ್ತಿದ್ದುದು ಬಹುಪಾಲು ಬಿಳಿಯರ ಮೆಚ್ಚಿನ ಗೀತೆಗಳನ್ನು. ಗುಲಾಮರ ಹಾಡುಗಳು ಹಿರಿಯರ ನೋವಿಗೂ ಪ್ರಾರ್ಥನೆಗೂ ಸೇರಿದ್ದವು. ಅವನ್ನು ಪರರ ಮುಂದೆ, ಅದೂ ಟಿಕೆಟ್ಟಿಗೆ ಹಾಡಲು ಗಾಯಕರಿಗೆ ಮನಸ್ಸಿರಲಿಲ್ಲ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ 'ಮಿನ್‌ಸ್ಟ್ರೆಲ್' ಪ್ರದರ್ಶನಗಳು ಆಗ ಎಲ್ಲೆಡೆ ಜನಪ್ರಿಯವಾಗಿದ್ದುದರಿಂದ ಆ ಹಿಂಜರಿಕೆಗೆ ಬಲವಾದ ಕಾರಣವೂ ಇತ್ತು. 1871ರ ನವೆಂಬರಿನಲ್ಲಿ ಓಬರ್ಲಿನ್‌ನಲ್ಲಿ ಸೇರಿದ್ದ ಪಾದ್ರಿಗಳ ಸಮಾವೇಶದಲ್ಲಿ ಅವರು 'ಸ್ಟೀಲ್ ಅವೇ' ಎಂಬ ಸ್ಪಿರಿಚುವಲ್ ಹಾಡಿದಾಗ ಸಭೆ ಸ್ತಬ್ಧವಾಯಿತು. ಅಲ್ಲಿಂದ ಮುಂದೆ ಕಾರ್ಯಕ್ರಮಗಳಲ್ಲಿ ಸ್ಪಿರಿಚುವಲ್‌ಗಳೇ ಪ್ರಧಾನವಾದವು. ವಾದ್ಯಗಳಿಲ್ಲದೆ, ಒಂದೇ ಉಸಿರಿನಲ್ಲಿ ಆರಂಭಿಸಿ, ಅತಿ ಮೆಲುದನಿಯಿಂದ ತುಂಬುದನಿಗೆ ಏರುವ ಶಿಸ್ತನ್ನು ವೈಟ್ ಮತ್ತು ಶೆಪರ್ಡ್ ತಂಡಕ್ಕೆ ಕಲಿಸಿದ್ದರು. ಸಂಗೀತಜ್ಞ ಥಿಯೊಡರ್ ಸೀವರ್ಡ್ ಈ ಹಾಡುಗಳಿಗೆ ಸ್ವರಲಿಪಿ ಹಾಕಿ 1872ರಲ್ಲಿ ಪ್ರಕಟಿಸಿದ. ಅದೇ ವರ್ಷ ಅಧ್ಯಕ್ಷ ಗ್ರ್ಯಾಂಟ್ ಶ್ವೇತಭವನದಲ್ಲಿ ತಂಡದ ಹಾಡು ಕೇಳಿದರು.

ಮೊದಲ ಬ್ರಿಟನ್ ಪ್ರವಾಸ (1873–74)

ಇಂಗ್ಲೆಂಡಿಗೆ ಹೊರಟ ತಂಡಕ್ಕೆ ಹಲವು ಹಡಗು ಕಂಪನಿಗಳು ಕ್ಯಾಬಿನ್ ಟಿಕೆಟ್ ನಿರಾಕರಿಸಿದವು. ಕೊನೆಗೆ ಕ್ಯುನಾರ್ಡ್ ಕಂಪನಿಯ 'ಬಟೇವಿಯಾ' ಹಡಗಿನಲ್ಲಿ ಜಾಗ ಸಿಕ್ಕಿ, 1873ರ ಏಪ್ರಿಲಿನಲ್ಲಿ ಪ್ರಯಾಣ ಆರಂಭವಾಯಿತು. ಸಮಾಜ ಸುಧಾರಕ ಶಾಫ್ಟ್ಸ್‌ಬರಿ ಪ್ರಭುವಿನ ಆಶ್ರಯದಲ್ಲಿ ಮೇ 6ರಂದು ಲಂಡನ್ನಿನಲ್ಲಿ ಮೊದಲ ಕಛೇರಿ ನಡೆಯಿತು. ಮರುದಿನವೇ ಆರ್ಗೈಲ್ ಡ್ಯೂಕನ ಮನೆಯಲ್ಲಿ ವಿಕ್ಟೋರಿಯಾ ರಾಣಿ ತಂಡದ ಹಾಡು ಕೇಳಿದಳು. ಪ್ರಧಾನಿ ಗ್ಲ್ಯಾಡ್‌ಸ್ಟನ್ ತನ್ನ ಮನೆಗೆ ಕರೆದು ಸತ್ಕರಿಸಿದ. ಧರ್ಮಪ್ರವಚನಕಾರ ಸ್ಪರ್ಜನ್‌ನ ಮೆಟ್ರೊಪಾಲಿಟನ್ ಟ್ಯಾಬರ್ನಕಲ್‌ನಲ್ಲಿ ಸಾವಿರಾರು ಜನರ ಮುಂದೆ ಹಾಡಿದರು. ಸ್ವದೇಶದ ಹೋಟೆಲುಗಳು ಹೊರಗೆ ನಿಲ್ಲಿಸಿದ್ದವರನ್ನು ಇಲ್ಲಿ ಪ್ರಧಾನಿಯೇ ತನ್ನ ಮನೆಗೆ ಅತಿಥಿಗಳಾಗಿ ಬರಮಾಡಿಕೊಂಡಿದ್ದ.

ಸ್ಕಾಟ್ಲೆಂಡ್ ಸೇರಿ ಬ್ರಿಟನ್ನಿನ ಉದ್ದಗಲಕ್ಕೂ ತಂಡ ಸಂಚರಿಸಿತು. ಯಾತ್ರೆ ಸುಗಮವಾಗಿರಲಿಲ್ಲ. 1874ರ ಫೆಬ್ರುವರಿಯಲ್ಲಿ ವೈಟ್‌ನ ಹೆಂಡತಿ ಲಾರಾ ಸ್ಕಾಟ್ಲೆಂಡಿನಲ್ಲಿ ಟೈಫಾಯಿಡ್‌ನಿಂದ ತೀರಿಕೊಂಡಳು. ವೈಟ್‌ನ ಆರೋಗ್ಯವೂ ಕುಸಿಯಿತು. ಆದರೂ ಸುಮಾರು 50,000 ಡಾಲರ್ ಕೂಡಿತು. ಈ ಹಣ ಜುಬಿಲಿ ಹಾಲ್ ಕಟ್ಟಡಕ್ಕೆ ಸಂದಿತು. 1876ರ ಜನವರಿ 1ರಂದು ಉದ್ಘಾಟನೆಯಾದ ಈ ಕಟ್ಟಡ, ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಉನ್ನತ ಶಿಕ್ಷಣಕ್ಕೆಂದೇ ಕಟ್ಟಿದ ಮೊದಲ ಶಾಶ್ವತ ಕಟ್ಟಡವೆಂದು ಹೆಸರಾಗಿದೆ. ಇಂಗ್ಲೆಂಡಿನಲ್ಲಿ ಎಡ್ಮಂಡ್ ಹ್ಯಾವೆಲ್ ಬರೆದ ಗಾಯಕರ ದೊಡ್ಡ ತೈಲಚಿತ್ರ ಅಲ್ಲಿದೆ.

ಎರಡನೆಯ ಯುರೋಪ್ ಪ್ರವಾಸ (1875–78)

1875ರಲ್ಲಿ ಮತ್ತೆ ಹೊರಟ ತಂಡದಲ್ಲಿ ಮಂದ್ರಸ್ಥಾಯಿಯ ಗಾಯಕ ಫ್ರೆಡರಿಕ್ ಲೌಡಿನ್ ಸೇರಿದ್ದ. ಓಹಾಯೋದ ಸ್ವತಂತ್ರ ಕುಟುಂಬದಲ್ಲಿ ಹುಟ್ಟಿದ ಆತ ವರ್ಣಭೇದವನ್ನು ವೇದಿಕೆಯ ಮೇಲಿಂದಲೇ ಖಂಡಿಸುತ್ತಿದ್ದ. ಬ್ರಿಟನ್ನಿನ ನಂತರ 1877ರಲ್ಲಿ ಹಾಲೆಂಡ್, ಬಳಿಕ ಜರ್ಮನಿ. ಪಾಟ್ಸ್‌ಡ್ಯಾಮ್ ಅರಮನೆಯಲ್ಲಿ ಯುವರಾಜ ಫ್ರೆಡರಿಕ್ ಮತ್ತು ಅವನ ಕುಟುಂಬದ ಮುಂದೆ ಹಾಡಿದರು. ಇಂಗ್ಲಿಷ್ ಬಾರದ ಶ್ರೋತೃಗಳೂ, ಸಂಗೀತಶಾಸ್ತ್ರದ ಕಟ್ಟುನಿಟ್ಟಿನ ಬರ್ಲಿನ್ ವಿಮರ್ಶಕರೂ ಗಾಯನದ ಹದವನ್ನು ಮೆಚ್ಚಿದರು. ಹೊರನಾಡಿನಲ್ಲಿ ಹೀಗೆ ಮೆಚ್ಚುಗೆ ಸಿಗುತ್ತಿದ್ದ ಅದೇ 1877ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರ ಹಕ್ಕುಗಳಿಗೆ ಕಾವಲಾಗಿದ್ದ ಪುನರ್ನಿರ್ಮಾಣ ಯುಗ ಕೊನೆಗೊಂಡಿತು.

ಬಿಡುವಿಲ್ಲದ ಕಛೇರಿ, ಕಾಯಿಲೆ ಮತ್ತು ಮನಸ್ತಾಪಗಳಿಂದ ಬಳಲಿದ ತಂಡ 1878ರಲ್ಲಿ ಹ್ಯಾಂಬರ್ಗ್‌ನಲ್ಲಿ ವಿಸರ್ಜನೆಯಾಯಿತು. ಏಳು ವರ್ಷಗಳಲ್ಲಿ ಸುಮಾರು 1,50,000 ಡಾಲರ್ ವಿಶ್ವವಿದ್ಯಾಲಯಕ್ಕೆ ಸಂದಿತ್ತು. ಆ ವಿದ್ಯಾಲಯಕ್ಕಾಗಿ ದುಡಿದ ಹಲವು ಗಾಯಕರ ಸ್ವಂತ ಓದು ಮಾತ್ರ ಅರ್ಧಕ್ಕೇ ನಿಂತಿತು. ಗಾಯಕರಲ್ಲಿ ಐಸಾಕ್ ಡಿಕರ್ಸನ್ ಎಡಿನ್‌ಬರೋದಲ್ಲಿ ಓದಿ ಇಂಗ್ಲೆಂಡಿನಲ್ಲೇ ಧರ್ಮೋಪದೇಶಕನಾದ. ಥಾಮಸ್ ರಟ್ಲಿಂಗ್ ಇಂಗ್ಲೆಂಡಿನ ಹ್ಯಾರೊಗೇಟ್‌ನಲ್ಲಿ ನೆಲೆಸಿದ.

ವಿಶ್ವಪ್ರವಾಸ ಮತ್ತು ಭಾರತ (1884–90)

ಲೌಡಿನ್ ತಂಡವನ್ನು ಸ್ವತಂತ್ರವಾಗಿ ಮತ್ತೆ ಕಟ್ಟಿ 1884ರಲ್ಲಿ ವಿಶ್ವಪ್ರವಾಸಕ್ಕೆ ಹೊರಟ. ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ ಬಂದ ತಂಡ 1886ರಲ್ಲಿ ಮಲೋಗ ಎಂಬಲ್ಲಿ ಮೂಲನಿವಾಸಿಗಳ ನಡುವೆ ಹಾಡಿತು. ಬೈಬಲಿನಲ್ಲಿ ಬರುವ ಈಜಿಪ್ಟಿನ ದೊರೆ ಫೆರೋನ ಸೈನ್ಯದ ನಾಶವನ್ನು ಹೇಳುವ ಸ್ಪಿರಿಚುವಲ್ ಒಂದು ಅಲ್ಲಿ ಯೋರ್ಟ ಯೋರ್ಟ ಭಾಷೆಗೆ ಹೋಗಿ ಆ ಜನರ ಹಾಡೇ ಆಗಿ ಇಂದಿಗೂ ಉಳಿದಿದೆ. ನ್ಯೂಜಿಲೆಂಡ್, ಭಾರತ, ಜಪಾನ್‌ಗಳಿಗೂ ತಂಡ ಹೋಯಿತು. ಆಗ್ರಾದ ತಾಜ್‌ಮಹಲಿನ ಗುಮ್ಮಟದ ಕೆಳಗೆ ಗಾಯಕರು ಸ್ಪಿರಿಚುವಲ್ ಹಾಡಿದರು.

ಮಹತ್ವ

ಈ ಪ್ರವಾಸಗಳಿಂದ ಕಟ್ಟಡ ಎದ್ದಿತು ಎಂಬುದಕ್ಕಿಂತ ದೊಡ್ಡ ಸಾಧನೆ ಬೇರೆಯಿದೆ. ಅಣಕಕ್ಕೆ ಗುರಿಯಾಗಿದ್ದ ಜನರ ಸಂಗೀತ ಅವರದೇ ಕೊರಳಿನಿಂದ, ಅವರದೇ ಘನತೆಯೊಡನೆ ಜಗತ್ತನ್ನು ತಲುಪಿತು. 1909ರಲ್ಲಿ ಫಿಸ್ಕ್ ಗಾಯಕರು ಧ್ವನಿಮುದ್ರಿಸಿದ 'ಸ್ವಿಂಗ್ ಲೋ, ಸ್ವೀಟ್ ಚಾರಿಯಟ್' ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ ಸೇರಿದೆ. 2007ರಲ್ಲಿ ಸ್ವಾತಂತ್ರ್ಯದ 50ನೆಯ ವರ್ಷ ಆಚರಿಸುತ್ತಿದ್ದ ಘಾನಾಕ್ಕೆ ತಂಡ ಭೇಟಿ ಕೊಟ್ಟಿತು. 2008ರ ರಾಷ್ಟ್ರೀಯ ಕಲಾಪದಕ ಮತ್ತು 2021ರ ಗ್ರ್ಯಾಮಿ ಪ್ರಶಸ್ತಿ ತಂಡಕ್ಕೆ ಸಂದಿವೆ. ವಿದ್ಯಾರ್ಥಿಗಳ ಹೊಸ ತಲೆಮಾರುಗಳೊಡನೆ ವೃಂದ ಇಂದಿಗೂ ಹಾಡುತ್ತಿದೆ. ಅಕ್ಟೋಬರ್ 6ನ್ನು ಫಿಸ್ಕ್ ಪ್ರತಿವರ್ಷ ಜುಬಿಲಿ ದಿನವಾಗಿ ಆಚರಿಸುತ್ತದೆ.