ಹೊಂಡ ಮೊದಲು, ಕಾನೂನು ಆಮೇಲೆ

ಬ್ರಿಟಿಷರ ಕಾಲದ 1897ರ ಮೀನುಗಾರಿಕೆ ಕಾಯ್ದೆಗೆ ಇದ್ದ ಮುಖ್ಯ ಚಿಂತೆ ಸಿಡಿಮದ್ದು ಮತ್ತು ವಿಷ. ಹೊಳೆಗೆ ಇವುಗಳನ್ನು ಹಾಕಿ ಮೀನು ಹಿಡಿಯಬಾರದು ಎಂದು ಅದು ವಿಧಿಸಿತು. ಮೀನು ಹಿಡಿಯುವವನು ಅದರ ಕಣ್ಣಿಗೆ ಬಿದ್ದಿದ್ದ, ಸಾಕುವವನು ಬಿದ್ದಿರಲಿಲ್ಲ. ಸಂವಿಧಾನ ಮೀನುಗಾರಿಕೆಯನ್ನು ರಾಜ್ಯಪಟ್ಟಿಗೆ ಸೇರಿಸಿತು. ರಾಜ್ಯಗಳ ಆಸಕ್ತಿ ಕೆರೆಗಳ ಗುತ್ತಿಗೆ, ಹರಾಜು, ಮರಿ ಬಿತ್ತನೆಯಲ್ಲೇ ಉಳಿಯಿತು. ಕರ್ನಾಟಕದ ಒಳನಾಡು ಮೀನುಗಾರಿಕೆ ಕಾಯ್ದೆ ರೂಪುಗೊಂಡದ್ದೂ 1996ರಲ್ಲಿ.

ಹಾಗೆಂದು ಸಾಕಣೆ ಹೊಸದೇನಲ್ಲ. ಕುಮಟಾದ ಅಘನಾಶಿನಿ ದಂಡೆಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ತೂಬಿನ ಹಲಗೆ ಎತ್ತಿದರೆ ಭರತದ ನೀರಿನ ಜೊತೆ ಸಿಗಡಿ ಮರಿ ತಾನಾಗಿ ಒಳಗೆ ಬರುತ್ತದೆ. ಮರಿ ಕೊಳ್ಳಬೇಕಿಲ್ಲ, ಆಹಾರ ಸುರಿಯಬೇಕಿಲ್ಲ. ಕೇರಳದ ಪೊಕ್ಕಾಳಿ ಗದ್ದೆಯಲ್ಲೂ ಬಂಗಾಳದ ಭೇರಿಗಳಲ್ಲೂ ಇಂಥದ್ದೇ ಪದ್ಧತಿ. ಇದಕ್ಕೆ ದಿಲ್ಲಿಯ ಕಾಯ್ದೆ ಬೇಕಿರಲಿಲ್ಲ, ಊರಿನ ಕಟ್ಟುಪಾಡು ಸಾಕಿತ್ತು.

ಕಾಯ್ದೆ ಬೇಕಾದದ್ದು 1990ರ ಆಸುಪಾಸಿನಲ್ಲಿ, ಆಂಧ್ರದ ನೆಲ್ಲೂರು ಮತ್ತು ತಮಿಳುನಾಡಿನ ಕರಾವಳಿಯಲ್ಲಿ ಹುಲಿ ಸಿಗಡಿಯ ಹೊಂಡಗಳು ಏಳತೊಡಗಿದಾಗ. ರಫ್ತಿನ ಬೆಲೆಗೆ ಮರುಳಾಗಿ ಕಂಪನಿಗಳು ಗದ್ದೆ ಕೊಂಡವು, ಉಪ್ಪುನೀರು ಪಂಪ್ ಮಾಡಿದವು, ಗಲೀಜು ನೀರನ್ನು ಕಾಲುವೆಗೆ ಬಿಟ್ಟವು. ಪಕ್ಕದ ಊರುಗಳ ಬಾವಿ ಉಪ್ಪಾಯಿತು. 1994–95ರಲ್ಲಿ ಬಿಳಿ ಚುಕ್ಕೆ ರೋಗ ಹೊಂಡಗಳನ್ನೇ ಗುಡಿಸಿ ಹಾಕಿತು. ಆದರೆ ಸರ್ಕಾರವನ್ನು ಎಬ್ಬಿಸಿದ್ದು ರೋಗವಲ್ಲ, ತಮಿಳುನಾಡಿನ ಸರ್ವೋದಯ ನಾಯಕ ಎಸ್. ಜಗನ್ನಾಥನ್ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿ. ಭೂಮಿಯಿಲ್ಲದವರಿಗೆ ಭೂಮಿ ಕೊಡಿಸಲು ಪತ್ನಿ ಕೃಷ್ಣಮ್ಮಾಳ್ ಜೊತೆ ಜೀವ ಸವೆಸಿದ್ದ ಅವರಿಗೆ, ಅದೇ ಭೂಮಿ ಹೊಂಡವಾಗುವುದನ್ನು ನೋಡುತ್ತ ಕೂರಲು ಆಗಲಿಲ್ಲ.

1996ರ ಡಿಸೆಂಬರ್ 11ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಸಗೀರ್ ಅಹ್ಮದ್ ಕೊಟ್ಟ ತೀರ್ಪು ಈ ಇತಿಹಾಸದ ನಡುಗಂಬ. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಭರತರೇಖೆಯಿಂದ 500 ಮೀಟರ್ ಒಳಗೆ, ಕಡಲಂಚು ಇಲ್ಲದೆ ನಡೆಯಲಾರದ ಉದ್ಯಮಗಳಿಗಷ್ಟೇ ಜಾಗ ಕೊಟ್ಟಿತ್ತು. ಸಿಗಡಿಗೆ ಉಪ್ಪುನೀರು ಬೇಕಲ್ಲ ಎಂದಿತು ಉದ್ಯಮ. ನೀರು ಬೇಕಾಗಬಹುದು, ದಡದ ಮೇಲೇ ಕೂರಬೇಕಿಲ್ಲ ಎಂದಿತು ಕೋರ್ಟು. ವಲಯದೊಳಗಿನ ಹೊಂಡಗಳನ್ನು 1997ರ ಮಾರ್ಚ್ 31ರೊಳಗೆ ಕೆಡವಬೇಕು, ಚಿಲಿಕಾ ಮತ್ತು ಪುಲಿಕಾಟ್ ಸರೋವರಗಳ ಒಂದು ಸಾವಿರ ಮೀಟರ್ ಸುತ್ತ ಉದ್ಯಮ ಇರಕೂಡದು, ಕೆಡಿಸಿದವರೇ ಪರಿಹಾರ ತೆರಬೇಕು ಎಂದು ಆದೇಶಿಸಿತು. ಸಾಂಪ್ರದಾಯಿಕ ಪದ್ಧತಿಗಳಿಗೆ ವಿನಾಯಿತಿ ಕೊಟ್ಟಿತು. ಕಗ್ಗದ ಗದ್ದೆಗೂ ನೆಲ್ಲೂರಿನ ಹೊಂಡಕ್ಕೂ ಇರುವ ಅಂತರವನ್ನು ಗುರುತಿಸಿದ ತೀರ್ಪು ಅದು.

ಹೊಂಡಗಳು ಮಾತ್ರ ಬೀಳಲಿಲ್ಲ. ಮರುಪರಿಶೀಲನೆ ಅರ್ಜಿಗಳು ಬಂದು ಕೆಡವುವ ಆದೇಶಕ್ಕೆ ತಡೆ ಸಿಕ್ಕಿತು. ತೀರ್ಪಿನ ಪ್ರಕಾರವೇ 1997ರಲ್ಲಿ ಒಂದು ಪ್ರಾಧಿಕಾರ ಹುಟ್ಟಿತು. ಕಡೆಗೆ 2005ರಲ್ಲಿ ಸಂಸತ್ತು ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆಯನ್ನು ಅಂಗೀಕರಿಸಿತು. ಚೆನ್ನೈಯಲ್ಲಿ ಕಚೇರಿ, ಕಡ್ಡಾಯ ನೋಂದಣಿ, ನೋಂದಾಯಿಸದೆ ಸಾಕಿದರೆ ಮೂರು ವರ್ಷದವರೆಗೆ ಜೈಲು. ಭರತರೇಖೆಯಿಂದ 200 ಮೀಟರ್ ಒಳಗೆ ಹೊಸ ಹೊಂಡ ಬೇಡ. ಆಗಲೇ ಇದ್ದವಕ್ಕೆ ವಿನಾಯಿತಿ. 27ನೇ ಕಲಮು ಮೆಲ್ಲಗೆ ಇನ್ನೊಂದು ಕೆಲಸ ಮಾಡಿತು: 1991ರ ಅಧಿಸೂಚನೆ ಕರಾವಳಿ ಜಲಕೃಷಿಗೆ ಅನ್ವಯಿಸುವುದೇ ಇಲ್ಲ ಎಂದಿತು. ತೀರ್ಪು ನಿಂತಿದ್ದ ನೆಲವನ್ನೇ ಕಾಯ್ದೆ ಹೀಗೆ ಎಳೆದುಕೊಂಡಿತು. ನಿಯಂತ್ರಣದ ಹೆಸರಿನಲ್ಲಿ ನಡೆದದ್ದು ಬಹುಮಟ್ಟಿಗೆ ಸಕ್ರಮ ಎಂದೇ ನನ್ನ ಲೆಕ್ಕ.

ಆದರೂ ಕಾಯ್ದೆಯಡಿ ಬಂದ ಮಾರ್ಗಸೂಚಿಗಳಲ್ಲಿ ಹುರುಳಿದೆ. ಮ್ಯಾಂಗ್ರೋವ್, ಗದ್ದೆ, ಉಪ್ಪಿನಾಗರಗಳನ್ನು ಹೊಂಡ ಮಾಡಬಾರದು. 500ಕ್ಕಿಂತ ಹೆಚ್ಚು ಜನರಿರುವ ಹಳ್ಳಿಯಿಂದ 300 ಮೀಟರ್, ಕುಡಿಯುವ ನೀರಿನ ಸೆಲೆಯಿಂದ 100 ಮೀಟರ್ ದೂರ ಇರಬೇಕು. 2009ರಲ್ಲಿ ಅಮೆರಿಕ ಖಂಡ ಮೂಲದ ವನಾಮಿ ಸಿಗಡಿಗೆ ಅನುಮತಿ ಕೊಟ್ಟಾಗ ಬಿಗಿ ಇನ್ನೂ ಹೆಚ್ಚಿತು. ತಾಯಿ ಸಿಗಡಿ ಚೆನ್ನೈನ ನೀಲಾಂಕರೈ ಕ್ವಾರಂಟೈನ್ ಕೇಂದ್ರದ ಮೂಲಕವೇ ಬರಬೇಕು, ಚದರ ಮೀಟರಿಗೆ 60 ಮರಿಗಳ ಮಿತಿ ಮೀರಬಾರದು. ದೇಶದ ಸಿಗಡಿ ವಹಿವಾಟಿನ ಚಹರೆ ಬದಲಾದದ್ದು ಈ ಒಂದು ಅನುಮತಿಯಿಂದ.

ಹೊಂಡದ ಏರಿಯ ಮೇಲೆ ನಿಜಕ್ಕೂ ಭಯ ಹುಟ್ಟಿಸಿದ ಕಾನೂನು ಚೆನ್ನೈಯದ್ದಲ್ಲ, ಯುರೋಪಿನದು. ನೈಟ್ರೊಫ್ಯುರಾನ್, ಕ್ಲೋರಾಂಫೆನಿಕಾಲ್‌ನಂಥ ಆ್ಯಂಟಿಬಯೋಟಿಕ್‌ಗಳ ಸುಳಿವು ಸಿಕ್ಕರೆ ಅಲ್ಲಿನ ಬಂದರಿನಲ್ಲಿ ಇಡೀ ಸರಕು ನಿಲ್ಲುತ್ತದೆ. ಹಾಗಾಗಿ ಕೊಯ್ಲಿಗೆ ಮುಂಚೆ ರೈತ ಹೊಂಡದಿಂದ ಬಲೆ ಬೀಸಿ ಸಿಗಡಿ ತೆಗೆದು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ ಪ್ರಯೋಗಾಲಯಕ್ಕೆ ಒಯ್ಯುತ್ತಾನೆ. ಆ ಪರೀಕ್ಷೆಯ ಚೀಟಿ ಇಲ್ಲದಿದ್ದರೆ ಯುರೋಪಿಗೆ ಮಾಲು ಕಳಿಸುವವನು ಮುಟ್ಟುವುದಿಲ್ಲ. 2016ರಲ್ಲಿ ಯುರೋಪಿನವರು ಪರೀಕ್ಷಿಸುವ ಸರಕಿನ ಪ್ರಮಾಣವನ್ನು ಶೇ. 10ರಿಂದ 50ಕ್ಕೆ ಏರಿಸಿದರು. ಇನ್‌ಸ್ಪೆಕ್ಟರ್ ಹೇಳಿದರೆ ಕೇಳದವರೂ ಕೊಳ್ಳುವವನು ಹೇಳಿದರೆ ಕೇಳುತ್ತಾರೆ.

ಕರಾವಳಿಯ ಕಾಯ್ದೆಗೆ ಒಳನಾಡು ಕಾಣುವುದಿಲ್ಲ. ವನಾಮಿ ಸಿಹಿನೀರಿನ ಹೊಂಡಕ್ಕೂ ಒಗ್ಗಿಕೊಂಡಿತು; ಆಂಧ್ರ 2020ರಲ್ಲಿ ತನ್ನದೇ ಜಲಕೃಷಿ ಪ್ರಾಧಿಕಾರದ ಕಾಯ್ದೆ ಮಾಡಿಕೊಂಡಿತು. ಅದಕ್ಕೂ ಮುಂಚೆ, ಅಭಯಾರಣ್ಯವಾಗಿದ್ದ ಅಲ್ಲಿನ ಕೊಲ್ಲೇರು ಸರೋವರದಲ್ಲಿ ಮೀನಿನ ಕೆರೆಗಳ ಏರಿ ಒಡೆಯಲು 2006ರಲ್ಲಿ ಸರ್ಕಾರವೇ ಇಳಿಯಬೇಕಾಯಿತು. ಅಲ್ಲಿ ಕೆಲಸ ಮಾಡಿದ್ದು ವನ್ಯಜೀವಿ ಕಾನೂನು, ಮೀನಿನ ಕಾನೂನಲ್ಲ.

2005ರ ಕರಾವಳಿ ಕಾಯ್ದೆಗೆ ಬಂದ 2023ರ ತಿದ್ದುಪಡಿ ಜೈಲು ಶಿಕ್ಷೆಯನ್ನು ತೆಗೆದು ದಂಡವನ್ನಷ್ಟೇ ಉಳಿಸಿತು. ಕರಾವಳಿ ವಲಯದ ಅಧಿಸೂಚನೆ ಅನ್ವಯಿಸದಂತೆ ಕೊಟ್ಟಿದ್ದ ರಿಯಾಯಿತಿಯನ್ನು ಇನ್ನಷ್ಟು ಗಟ್ಟಿ ಮಾಡಿತು. ಮರಿ ಕೇಂದ್ರ, ಕಡಲಕಳೆ, ಚಿಪ್ಪುಮೀನು, ಪಂಜರ ಕೃಷಿ ಎಲ್ಲವೂ ಈಗ ಅದರ ಸೆರಗಿನೊಳಗೆ. ನಮ್ಮ ಕರಾವಳಿಗೆ ಮುಟ್ಟುವುದು ಕೊನೆಯದು. ಕಾರವಾರದಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕಡಲಲ್ಲಿ ಪಂಜರ ಬಿಟ್ಟು ಮೀನು ಬೆಳೆಸಿ ತೋರಿಸಿದೆ. ಅಳಿವೆಗಳಲ್ಲೂ ಪಂಜರಗಳು ತೇಲುತ್ತಿವೆ. ದಡದ ಹೊಂಡಕ್ಕೆ ಸರ್ವೆ ನಂಬರ್ ಇರುತ್ತದೆ, ಪಹಣಿ ಇರುತ್ತದೆ. ಅಳಿವೆಯ ನೀರಿಗೆ ಅದಾವುದೂ ಇಲ್ಲ, ಅಲ್ಲಿ ಬಲೆ ಬೀಸುತ್ತ ಬಂದವರಿಗೂ ಯಾವ ಪಟ್ಟೆ ಇಲ್ಲ. ಮುಂದಿನ ಅರ್ಜಿ ಕೋರ್ಟಿಗೆ ಬರುವುದಾದರೆ ಆ ನೀರಿನಿಂದಲೇ ಬಂದೀತು.